ಎರಡನೆಯ ದಿನದ ಕೆಂಪು

ನಾನು ಮದುವೆಯಾಗಿ ಬಂದ ದಿನದಿಂದ ನನ್ನ ಗಂಡನ ಅಣ್ಣನ ಹೆಂಡತಿಯನ್ನು ಅಕ್ಕ ಎಂದೇ ಕರೆಯುತ್ತೇನೆ. ಸಂಬಂಧದಲ್ಲಿ ವಾರಗಿತ್ತಿ. ಒಂದೇ ಒರೆಯಲ್ಲಿ ಎರಡು ಕತ್ತಿ ಇರಲಾರವು ಎಂದು ನಮ್ಮ ಅತ್ತೆ ನಮ್ಮಿಬ್ಬರನ್ನೂ ನೋಡಿ ಆಗಾಗ ಹೇಳುತ್ತಿದ್ದರು. ನಾವು ಅದೇ ಒರೆಯಲ್ಲಿ ನಲವತ್ತೊಂಬತ್ತು ವರ್ಷ ಕಳೆದಿದ್ದೇವೆ. ಈಗ ತುಕ್ಕು ಹಿಡಿದು ಅಂಟಿಕೊಂಡಿದ್ದೇವೆ, ಎಳೆದರೂ ಬರುವುದಿಲ್ಲ ಎಂದು ಅಕ್ಕನ ಅಂಬೋಣ. ಗಂಡಂದಿರಿಬ್ಬರೂ ಹೋದರು. ಮನೆಯಲ್ಲಿ ಉಳಿದವರು ನಾನು, ಅಕ್ಕ, ಅಕ್ಕನ ಹೊಲಿಗೆ ಮಿಷನ್ನು.

ಅಕ್ಕ ಮೂವತ್ತೆಂಟು ವರ್ಷ ದುಡಿದದ್ದು ಊರಿನ ರಂಗಮಂದಿರದ ಹೊಲಿಗೆ ಕೋಣೆಯಲ್ಲಿ. ಆ ಕೋಣೆ ರಂಗದ ಕೆಳಗಿತ್ತು. ಕಿಟಕಿ ಬೀದಿಯ ಮಟ್ಟಕ್ಕೆ ಇದ್ದುದರಿಂದ ಹೊರಗೆ ಹೋಗುವವರ ಮೊಣಕಾಲಿನವರೆಗೆ ಮಾತ್ರ ಕಾಣುತ್ತಿತ್ತು. ಹಾಗಾಗಿ ಊರಿನ ಅರ್ಧ ಜನ ಅಕ್ಕನಿಗೆ ಚಪ್ಪಲಿಯಿಂದ ಪರಿಚಯ. ಗೋಡೆಗೆ ಸಾಲು ಮೊಳೆ, ಮೂಲೆಯಲ್ಲಿ ಬಟ್ಟೆ ಬೇಯಿಸುವ ದೊಡ್ಡ ಹಂಡೆ, ಮಧ್ಯದಲ್ಲಿ ಇಸ್ತ್ರಿ ಮೇಜು. ನಾನು ಊಟದ ಡಬ್ಬಿ ಕೊಡಲು ಹೋದಾಗಲೆಲ್ಲ ಒಬ್ಬನಲ್ಲ ಒಬ್ಬ ರಾಜನ ಅಂಗಿ ಬಿಚ್ಚಿ ಬಿದ್ದಿರುತ್ತಿತ್ತು. ಮುಂದೆ ರೇಷ್ಮೆ, ಬೆನ್ನಿಗೆ ಗೋಣಿ. ಜನಕ್ಕೆ ರಾಜ ಬೆನ್ನು ತೋರಿಸುವುದಿಲ್ಲವಲ್ಲ, ಅದಕ್ಕೇ ಇಷ್ಟು ಸಾಕು ಎನ್ನುವಳು ಅಕ್ಕ.

ನಾನು ಬಂದ ಮರುವರ್ಷ ಊರಿನ ನೂಲಿನ ಗಿರಣಿಗೆ ಬೆಂಕಿ ಬಿತ್ತು. ಹನ್ನೊಂದು ಗಂಡಸರು ಒಳಗೇ ಉಳಿದರು. ನಮ್ಮ ಮಾವ ಅವರಲ್ಲಿ ಒಬ್ಬರು. ಗೇಟು ಕಾಯುವವನು ಹೊರಗಿದ್ದವನು, ಬೀಗ ತೆಗೆಯಲು ಒಳಗೆ ಓಡಿ ಹನ್ನೊಂದನೆಯವನಾದ. ಅತ್ತೆಯನ್ನೂ ಸೇರಿಸಿ ಹನ್ನೊಂದು ಹೆಂಗಸರು ಮೂರು ದಿನ ಗೇಟಿನ ಮುಂದೆ ಕೂತಿದ್ದರು. ಅವರಿಗೆ ಯಾರೂ ಏನೂ ಹೇಳಲಿಲ್ಲ.

ಆಗ ರಂಗಮಂದಿರದಲ್ಲಿ ಬ್ಯಾಲೆ ಕಲಿಸುತ್ತಿದ್ದವರನ್ನು ಎಲ್ಲರೂ ಕೋಲು ಟೀಚರ್ ಎನ್ನುತ್ತಿದ್ದರು. ಬ್ಯಾಲೆ ಎಂದರೆ ಮಾತಿಲ್ಲದ ನಾಟಕ; ಕಥೆಯೆಲ್ಲ ಕಾಲಿನಲ್ಲಿ, ಕೈಯಲ್ಲಿ. ಟೀಚರ್ ಒಂದು ಬೆತ್ತ ಹಿಡಿದು ರಂಗದ ಹಲಗೆಗೆ ಕುಟ್ಟಿ ಕುಟ್ಟಿ ಲೆಕ್ಕ ಹೇಳುತ್ತಿದ್ದರು. ಬೆಂಕಿಯಾದ ಎರಡು ವರ್ಷಕ್ಕೆ ಅವರು ಆ ಹನ್ನೊಂದು ಹೆಂಗಸರ ಮೇಲೆ ಒಂದು ಬ್ಯಾಲೆ ಕಟ್ಟಿದರು. ಕೊನೆಯಲ್ಲಿ ಆ ಹೆಂಗಸರು ಬಿಳಿ ಲಂಗ ತೊಟ್ಟು ಗೇಟು ದಾಟಿ ಗಿರಣಿಯೊಳಗೆ ಹೋಗುತ್ತಾರೆ, ಗಂಡಂದಿರ ಯಂತ್ರಗಳ ಮುಂದೆ ನಿಲ್ಲುತ್ತಾರೆ, ಅವರು ಮಾಡುತ್ತಿದ್ದ ಕೆಲಸವನ್ನು ಮಾಡುತ್ತಾರೆ. ಅದೇ ಕುಣಿತ. ಅಕ್ಕ ಹನ್ನೊಂದು ಲಂಗ ಹೊಲಿದಳು. ಅತ್ತೆಗೆ ಎರಡನೇ ಸಾಲಿನಲ್ಲಿ ಕುರ್ಚಿ ಸಿಕ್ಕಿತು. ಗಂಡ ಸತ್ತಿದ್ದಕ್ಕೆ ಕುರ್ಚಿ ಕೊಡ್ತಾರೆ ನೋಡು ಎಂದು ಗೊಣಗಿದರೂ ತಲೆ ಬಾಚಿಕೊಂಡು ಒಂದು ಗಂಟೆ ಮುಂಚೆಯೇ ಹೊರಟರು.

ಆ ದಿನ ನಾನು ಅತ್ತೆಯ ಪಕ್ಕದಲ್ಲಿದ್ದೆ. ಕೊನೆಯ ಭಾಗ ಬಂತು. ಹನ್ನೊಂದು ಜನ ಗೇಟು ದಾಟಿದರು. ಲಂಗಗಳು ಬಿಳಿ ಇರಲಿಲ್ಲ, ಕೆಂಪಾಗಿದ್ದವು. ಸತ್ತ ಗಂಡಸರ ಹೆಂಡಂದಿರು ಕೆಂಪು ತೊಟ್ಟು ಕುಣಿಯುವುದನ್ನು ಕಂಡು ಸಭೆಯಲ್ಲಿ ಗುಸುಗುಸು, ಆಮೇಲೆ ಕುರ್ಚಿಗಳ ಸದ್ದು. ಅತ್ತೆ ಎದ್ದು ನಡೆದೇ ಬಿಟ್ಟರು. ನಾನು ಅವರ ಹಿಂದೆ ಓಡಿದೆ. ಮಾರನೆಯ ದಿನ ಪತ್ರಿಕೆಯಲ್ಲಿ ಬಂತು: ಸಾವನ್ನು ಮದುವೆ ಮಾಡಿದರು, ವಿಧವೆಯರನ್ನು ಅಣಕಿಸಿದರು. ಗಿರಣಿಯ ಯಜಮಾನರಿಗೆ ಒಳಗೊಳಗೇ ಖುಷಿ. ಬೆಂಕಿ ಯಾಕೆ ಬಿತ್ತು ಎಂದು ಕೇಳುತ್ತಿದ್ದವರೆಲ್ಲ ಈಗ ಲಂಗ ಯಾಕೆ ಕೆಂಪು ಎಂದು ಕೇಳತೊಡಗಿದ್ದರು. ಎರಡನೆಯ ದಿನವೂ ಬ್ಯಾಲೆ ನಡೆಯಿತು. ಅಂದೂ ಅದೇ ಕೆಂಪು. ಮೂರನೆಯ ದಿನ ರಂಗಮಂದಿರಕ್ಕೆ ಬೀಗ.

ಆಡಳಿತದವರು ಕೋಲು ಟೀಚರನ್ನು ಕೂರಿಸಿಕೊಂಡು ಕೆಂಪು ಯಾರ ಯೋಚನೆ ಎಂದು ಕೇಳಿದರಂತೆ. ನನ್ನದು ಎಂದರಂತೆ. ಒಂದು ತಿಂಗಳಲ್ಲಿ ಊರು ಬಿಟ್ಟು ಹೋದರು. ಎಲ್ಲೋ ಸಣ್ಣ ಮಕ್ಕಳಿಗೆ ಕಲಿಸುತ್ತಿದ್ದಾರೆಂದು ಕೆಲವು ವರ್ಷ ಸುದ್ದಿ ಬರುತ್ತಿತ್ತು, ಆಮೇಲೆ ತೀರಿಕೊಂಡರೆಂದು ಬಂತು. ಅತ್ತೆ ಮಾತ್ರ ಬಿಡಲಿಲ್ಲ. ಪಕ್ಕದ ಮನೆಯ ತಂತಿಯ ಮೇಲೆ ಒಂದು ಕೆಂಪು ಬಟ್ಟೆ ಕಂಡರೂ ಸಾಕು, ಆ ಕೋಲಿನವಳ ಕೈ ಬಿದ್ದುಹೋಗ ಎಂದು ಶುರು. ಸಾಯುವ ವಾರದವರೆಗೂ ಶಪಿಸಿದರು. ಅಕ್ಕ ಅಲ್ಲೇ ಕೂತು ಹುಕ್ಕು ಹಚ್ಚುತ್ತಿದ್ದಳು. ಅಪ್ಪಿತಪ್ಪಿಯೂ ತಲೆ ಎತ್ತುತ್ತಿರಲಿಲ್ಲ.

ಇದೆಲ್ಲ ಹಳೆಯ ಮಾತು. ಹೋದ ವರ್ಷ ರಂಗಮಂದಿರದ ಮಾಡು ರಿಪೇರಿ ಮಾಡುವಾಗ ಅಟ್ಟದಲ್ಲಿ ಒಂದು ಫೋಟೊ ಸಿಕ್ಕಿತು. ಕಪ್ಪುಬಿಳುಪು, ಹನ್ನೊಂದು ಹೆಂಗಸರು, ಹನ್ನೊಂದು ಯಂತ್ರ. ಈಗ ಅಲ್ಲಿ ಬ್ಯಾಲೆ ಕಲಿಸುವ ಹುಡುಗಿ ಅದನ್ನು ಕಂಡವಳೇ, ಇದನ್ನು ಮತ್ತೆ ಎತ್ತಲೇಬೇಕು ಎಂದು ಹಟ ಹಿಡಿದಳು. ನಾವು ಅವಳನ್ನು ಹೊಸ ಟೀಚರ್ ಎನ್ನುತ್ತೇವೆ, ಮೂವತ್ತೈದು ದಾಟಿದ್ದರೂ. ಕುಣಿತವನ್ನು ಯಾರೂ ಬರೆದಿಟ್ಟಿರಲಿಲ್ಲ, ಸಿನಿಮಾ ತೆಗೆದಿರಲಿಲ್ಲ. ಕುಣಿದವರಲ್ಲಿ ಕೆಲವರು ಇಲ್ಲ, ಕೆಲವರು ಎಲ್ಲಿದ್ದಾರೋ ಗೊತ್ತಿಲ್ಲ, ಇರುವ ಒಬ್ಬರಿಗೆ ತಮ್ಮ ಹೆಸರೇ ನೆನಪಿಲ್ಲ. ಹೊಲಿಗೆ ಕೋಣೆಯ ಅಜ್ಜಿಯೊಬ್ಬರಿದ್ದಾರೆ, ಎಂಬತ್ತೊಂದು ವರ್ಷ, ನಾಲಗೆ ಇನ್ನೂ ಕತ್ತರಿಯ ಹಾಗಿದೆ ಎಂದು ಯಾರೋ ಹೇಳಿದರಂತೆ. ಒಂದು ಬೆಳಿಗ್ಗೆ ಬಂದು ನಮ್ಮ ನಡುಮನೆಯಲ್ಲಿ ನೆಲದ ಮೇಲೆ ಕೂತಳು.

ಅಕ್ಕನಿಗೆ ಹೇಳಲು ಬರಲಿಲ್ಲ. ಎಡಗಾಲು ಮುಂದೆ, ಆಮೇಲೆ ಬಗ್ತಾರೆ, ಆಮೇಲೆ ಏನೋ, ಎಂದು ಎರಡು ದಿನ ತಡವರಿಸಿದಳು. ಹುಡುಗಿಯ ಮುಖ ಬಾಡಿತು. ಮೂರನೆಯ ದಿನ ಸುಮ್ಮನೆ ಕೂರಲಾರದೆ ಅಕ್ಕ ಒಂದು ದಿಂಬಿನ ಚೀಲಕ್ಕೆ ಅಂಚು ಹಾಕುತ್ತ ಕೂತಳು. ನಾಲ್ಕು ಹೊಲಿಗೆ ಹಾಕಿದವಳು ಗಕ್ಕನೆ ನಿಂತು, ಇಲ್ಲಿ ಅವರು ಕತ್ತು ತಿರುಗಿಸಿದರು ಎಂದಳು.

ವಿಷಯ ಏನೆಂದರೆ, ಆ ಕಾಲದಲ್ಲಿ ತಾಲೀಮಿನ ಹೊತ್ತಿಗೆ ಅಕ್ಕ ರಂಗದ ಪಕ್ಕದ ಪರದೆಯ ಸಂದಿಯಲ್ಲಿ ಕೂತು ಲಂಗದ ಅಂಚು ಹೊಲಿಯುತ್ತಿದ್ದಳು. ಕಣ್ಣು ಅವರ ಕಾಲಿನ ಮೇಲೆ, ಕೈ ಬಟ್ಟೆಯ ಮೇಲೆ. ಟೀಚರ ಕೋಲು ಒಂದು ಬಿದ್ದರೆ ಸೂಜಿ ಒಂದು ಸಲ ಹೋಗುವುದು. ಕೋಲು ನಿಂತರೆ ಇವಳೂ ನಿಂತು ಒಂದು ಗಂಟು ಹಾಕುವುದು. ಹೀಗೆ ಆರು ವಾರ. ಬ್ಯಾಲೆ ಇವಳ ತಲೆಯಲ್ಲಿರಲಿಲ್ಲ, ಬೆರಳಿನಲ್ಲಿತ್ತು. ಅಂದಿನಿಂದ ಹೊಸ ಟೀಚರ್ ದಿನಾ ಬಂದಳು. ಅಕ್ಕ ಹೊಲಿಯುವಳು, ಹೇಳುವಳು. ಹುಡುಗಿ ಎದ್ದು ಮಾಡಿ ತೋರಿಸುವಳು. ಅಯ್ಯೋ ಅದು ಕೊಕ್ಕರೆ ನಡೆದ ಹಾಗಾಯ್ತು, ಭಾರ ಹಿಮ್ಮಡಿ ಮೇಲೆ ಹಾಕು ಎಂದು ಅಕ್ಕ ಬೈಯುವಳು. ಎರಡು ತಿಂಗಳಲ್ಲಿ ಬ್ಯಾಲೆ ಎದ್ದು ನಿಂತಿತು. ಮನೆಯಲ್ಲಿ ಅಂಚಿಲ್ಲದ ಬಟ್ಟೆ ಒಂದೂ ಉಳಿಯಲಿಲ್ಲ. ನನ್ನ ಕರವಸ್ತ್ರಕ್ಕೆ ಎರಡೆರಡು ಸಲ ಅಂಚು ಬಿದ್ದು ಮೂಗೊರೆಸಿದರೆ ಚುಚ್ಚುತ್ತಿತ್ತು.

ಅಷ್ಟರಲ್ಲಿ, ಹೊಸ ಟೀಚರ್ ಹಳೆಯ ಪತ್ರಿಕೆ ಓದಿ ಬಣ್ಣ ಹಾಕಿಸಿದ ಲಂಗಗಳು ಬಂದವು. ನಾವಿಬ್ಬರೂ ರಂಗಮಂದಿರಕ್ಕೆ ನೋಡಲು ಹೋದೆವು. ಹನ್ನೊಂದೂ ಒಂದೇ ಸಮ ಕೆಂಪು, ಮೆಣಸಿನಕಾಯಿ ಹಣ್ಣಾದ ಹಾಗೆ. ನನಗೇನೋ ಚೆಂದ ಕಂಡಿತು. ಅಕ್ಕ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ಕೆಳಗಿಟ್ಟಳು.

"ಹೀಗಿರಲಿಲ್ಲ," ಎಂದಳು. "ಸೊಂಟದ ಹತ್ತಿರ ಕಡು, ಅಂಚಿನಲ್ಲಿ ತೆಳು. ಒಂದೊಂದು ಒಂದೊಂದು ಥರ. ಹೊಲಿಗೆ ಮಾತ್ರ ಬೆಳ್ಳಗೆ ಎದ್ದು ಕಾಣ್ತಿತ್ತು. ದಾರ ಪಾಲಿಯೆಸ್ಟರ್, ಅದಕ್ಕೆ ಬಣ್ಣ ಹತ್ತಲಿಲ್ಲ."

ಹೊಸ ಟೀಚರ್ ಪೆನ್ನು ತೆಗೆದಳು. ಅಂಥ ಬಣ್ಣವನ್ನು ಟೀಚರ್ ಯಾರಿಂದ ಹಾಕಿಸಿದರು ಎಂದು ಕೇಳಿದಳು. ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. ನನ್ನ ಕಡೆ ಒಮ್ಮೆ ನೋಡಿದಳು.

"ಯಾರೂ ಹಾಕಲಿಲ್ಲ. ನಾನು ಒಗೆಯೋದರಲ್ಲಿ ಆಗಿದ್ದು."

ಆಮೇಲೆ ಬಿಡಿಸಿ ಹೇಳಿದಳು. ಹೊಲಿಯುವವರು ಹೊಸ ಬಟ್ಟೆಯನ್ನು ಮೊದಲು ಬಿಸಿನೀರಿನಲ್ಲಿ ನೆನೆಸುತ್ತಾರೆ, ಕುಗ್ಗುವುದು ಮೊದಲೇ ಕುಗ್ಗಲಿ ಎಂದು. ಮುಂದಿನ ನಾಟಕದ ಪರದೆಗೆ ಬಂದಿದ್ದ ಕೆಂಪು ಬಟ್ಟೆಯನ್ನು ಹಾಗೆ ಹಂಡೆಯಲ್ಲಿ ಮುಳುಗಿಸಿಟ್ಟಿದ್ದಳು. ಮೊದಲ ಪ್ರದರ್ಶನದ ಬೆಳಿಗ್ಗೆ, ತಾಲೀಮಿನಲ್ಲಿ ಮಸಿ ಹತ್ತಿದ್ದ ಬಿಳಿ ಲಂಗಗಳನ್ನು ಅವಸರದಲ್ಲಿ ಅದೇ ಹಂಡೆಗೆ ಸುರಿದು ಕೆಳಗೆ ಉರಿ ಹಾಕಿದಳು. ನಸುಗತ್ತಲಿನಲ್ಲಿ ತಳದಲ್ಲಿ ಏನಿದೆ ಎಂದು ನೋಡಲಿಲ್ಲ. ಕೋಲು ಹಾಕಿ ಎತ್ತಿದಾಗ ಹನ್ನೊಂದೂ ಕೆಂಪು. ಟೀಚರನ್ನು ಕರೆದು ತೋರಿಸಿದಳು. ಅವರು ಬಹಳ ಹೊತ್ತು ನೋಡಿ, ಸಂಜೆಯೊಳಗೆ ಒಣಗುತ್ತವೆಯೇ ಎಂದಷ್ಟೇ ಕೇಳಿದರಂತೆ.

ಇದನ್ನು ನಾನೂ ಅವತ್ತೇ ಮೊದಲು ಕೇಳಿದ್ದು. ಒಂದೇ ಸೂರಿನ ಕೆಳಗಿದ್ದು ಇಷ್ಟು ವರ್ಷ ಬಾಯಿ ಬಿಡಲಿಲ್ಲವಲ್ಲ ಎಂದು ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಹೊಸ ಟೀಚರ್ ಪೆನ್ನಿನ ಮುಚ್ಚಳ ಹಾಕಿದಳು. "ಅಜ್ಜಿ, ಆ ಕೆಂಪಿನ ಧೈರ್ಯದ ಮೇಲೆ ನಾನು ರಂಗಮಂದಿರದವರಿಗೆ ಹದಿನಾಲ್ಕು ಪುಟ ಬರೆದು ಕೊಟ್ಟಿದ್ದೀನಿ."

"ಬರೆಯೋಕೆ ಮುಂಚೆ ಒಗೆದವಳನ್ನ ಕೇಳಬೇಕಿತ್ತು," ಎಂದಳು ಅಕ್ಕ.

ಹುಡುಗಿ ಎರಡು ದಿನ ನಮ್ಮ ಮನೆ ಕಡೆ ಬರಲಿಲ್ಲ. ಮೂರನೆಯ ದಿನ ಬಂದು, ಹಾಗಾದರೆ ಒಗೆದೇ ಮಾಡೋಣ ಎಂದಳು. ಹೊಸ ಬಿಳಿ ಲಂಗ ಹೊಲಿದಾಯಿತು. ಹಂಡೆ ತುಂಬಿಸಿ ಹೊಸ ಕೆಂಪು ಬಟ್ಟೆ ಹಾಕಿ ಕುದಿಸಿದೆವು. ನೀರು ಗಂಗೆಯಷ್ಟು ತಿಳಿಯಾಗಿ ಉಳಿಯಿತು. ಈಗಿನ ಬಟ್ಟೆ ಬಣ್ಣ ಬಿಡುವುದಿಲ್ಲ. ಮೂವರೂ ಅಂಗಡಿ ಅಂಗಡಿ ತಿರುಗಿದೆವು. ಬಣ್ಣ ಬಿಡೋ ಕೆಂಪು ಬಟ್ಟೆ ಇದೆಯಾ ಎಂದು ಅಕ್ಕ ಕೇಳಿದರೆ ಅಂಗಡಿಯವರಿಗೆ ಬೈದ ಹಾಗೆ. ಒಬ್ಬನಂತೂ ನಮ್ಮ ತಾತನ ಕಾಲದಿಂದ ಇಲ್ಲಿ ಬಣ್ಣ ಬಿಡುವ ಬಟ್ಟೆ ಮಾರಿಲ್ಲ ಎಂದು ಎದೆ ತಟ್ಟಿಕೊಂಡ. ನಮಗೆ ಬೇಕಾಗಿರೋದೇ ಅದು ಕಣಪ್ಪ ಎಂದಾಗ ಆಚೀಚೆ ನೋಡಿ ದನಿ ತಗ್ಗಿಸಿದ. "ಹಾಗಾದ್ರೆ ಬೇಕಾದಷ್ಟಿದೆ. ಒಳಗೆ ಬನ್ನಿ." ಅದನ್ನು ಹಾಕಿ ಕುದಿಸಿದೆವು. ಎತ್ತಿದಾಗ ಸೊಂಟದಲ್ಲಿ ಕಡು, ಅಂಚಿನಲ್ಲಿ ತೆಳು, ಹೊಲಿಗೆಯೆಲ್ಲ ಬೆಳ್ಳಗೆ. ಅಕ್ಕ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದಳು.

ಆದರೆ ರಂಗಮಂದಿರದವರು ಒಂದು ಷರತ್ತು ಹಾಕಿದ್ದರು. ಮೊದಲು ಗಿರಣಿಯಲ್ಲಿ ತೀರಿಹೋದವರ ಮನೆಯವರಿಗೆ ಮಾತ್ರ ತೋರಿಸಬೇಕು. ಅವರಲ್ಲಿ ಹೆಚ್ಚಿನವರು ಬೇಡ ಎಂದರೆ ಬ್ಯಾಲೆ ಮತ್ತೆ ಪೆಟ್ಟಿಗೆಗೆ. ಅಕ್ಕ ತಾನು ಅವರ ಮುಂದೆ ನಿಂತು ನಡೆದದ್ದನ್ನು ಹೇಳುತ್ತೇನೆ ಎಂದಳು. ಹೊಸ ಟೀಚರ್ ಬೇಡವೆಂದಳು. ಅವಳ ಮಾತಿನಲ್ಲೂ ಹುರುಳಿತ್ತು. ನಮ್ಮ ದುಃಖಕ್ಕೆ ನಿಮ್ಮ ಹಂಡೆಯ ಬಣ್ಣವೇ ಎಂದು ಅವರು ಎದ್ದು ಹೋದರೆ ಗತಿ ಏನು, ಹನ್ನೊಂದು ಹುಡುಗಿಯರ ಐದು ತಿಂಗಳ ಬೆವರು ಏನಾಗಬೇಕು ಎಂದು ಕೇಳಿದಳು. ಅಕ್ಕ ಚೀಲ ಎತ್ತಿಕೊಂಡು ಮನೆಗೆ ಹೊರಟಳು.

ಮನೆಗೆ ಬಂದ ಮೇಲೆ ನಾನೂ ಅದನ್ನೇ ಹೇಳಿದೆ. ಸತ್ತವರು ಸತ್ತರು, ಟೀಚರೂ ಹೋದರು, ಈಗ ಹೇಳಿ ಯಾರಿಗೆ ಲಾಭ ಎಂದೆ. ಅಕ್ಕ ಚಹಾದ ಲೋಟ ಕೆಳಗಿಟ್ಟಳು.

"ಅವತ್ತೇ ಅತ್ತೆಗೆ ಹೇಳಿದ್ದಿದ್ರೆ ಏನು ಮಾಡ್ತಿದ್ರು?"

"ಬೈತಿದ್ರು."

"ಎಷ್ಟು ದಿನ?"

ನಾನು ಅತ್ತೆಯ ಬಾಯನ್ನು ನೆನೆಸಿಕೊಂಡು ಲೆಕ್ಕ ಹಾಕಿದೆ. "ಒಂದು ವಾರ. ಹೆಚ್ಚೆಂದ್ರೆ ಹತ್ತು ದಿನ."

"ನೋಡು, ಹತ್ತು ದಿನದ ಬೈಗುಳಕ್ಕೆ ಹೆದರಿ ನಲವತ್ತಾರು ವರ್ಷ ಇನ್ನೊಬ್ಬರಿಗೆ ಶಾಪ ಹಾಕಿಸಿದೆ. ನನ್ನ ಪಾಲಿನ ಶಾಪ ಅವರು ತಿಂದರು. ಬ್ಯಾಲೆ ನಿಂತರೆ ನಿಲ್ಲಲಿ ಕಣೇ, ನಾನು ಹೇಳೋಳೇ."

ಆ ದಿನ ಮಧ್ಯಾಹ್ನ ಮೂವತ್ತು ಮೂವತ್ತೈದು ಜನ ಸೇರಿದ್ದರು. ಮಕ್ಕಳು, ಸೊಸೆಯರು, ಮೊಮ್ಮಕ್ಕಳು. ಹನ್ನೊಂದು ಹೆಂಗಸರಲ್ಲಿ ಯಾರೂ ಉಳಿದಿರಲಿಲ್ಲ. ಬ್ಯಾಲೆಯನ್ನು ಪೂರ್ತಿ ತೋರಿಸಿದರು. ಕೆಂಪು ಬಂದಾಗ ನನ್ನ ಹಿಂದಿನ ಸಾಲಿನಲ್ಲಿ ಯಾರೋ ಉಸಿರೆಳೆದುಕೊಂಡರು, ಆದರೆ ಯಾರೂ ಏಳಲಿಲ್ಲ. ಮುಗಿದ ಮೇಲೆ ದೀಪ ಹಾಕಿದರು. ಹೊಸ ಟೀಚರ್ ತಡೆಯುವ ಮುಂಚೆಯೇ ಅಕ್ಕ ನನ್ನ ಭುಜ ಹಿಡಿದು ಎದ್ದು ರಂಗದ ಮುಂದೆ ಹೋಗಿ ನಿಂತಳು. ಹಂಡೆಯ ಕಥೆ ಹೇಳಿದಳು. ತಾನು ಇಂಥವರ ಸೊಸೆ ಎಂದೂ ಹೇಳಿದಳು. ಕಣ್ಣೀರಿಲ್ಲ, ಕ್ಷಮಿಸಿ ಎನ್ನಲಿಲ್ಲ, ಬಟ್ಟೆಯ ಅಳತೆ ಒಪ್ಪಿಸಿದ ಹಾಗೆ ಹೇಳಿ ಮುಗಿಸಿದಳು. ಟೀಚರ್ ತಪ್ಪು ಏನೂ ಇರಲಿಲ್ಲ ಎಂಬುದು ಕೊನೆಯ ಮಾತು.

ಆಗ ಮೂರನೇ ಸಾಲಿನಲ್ಲಿ ಒಬ್ಬ ದಪ್ಪನೆಯ ಹೆಂಗಸು ಕೈ ಎತ್ತಿದಳು. ಗೇಟು ಕಾಯುತ್ತಿದ್ದವನ ಮಗಳು ಅವಳು. ಎಪ್ಪತ್ತರ ಹತ್ತಿರ, ಕಾಲು ನೋವೆಂದು ಕಾಣುತ್ತದೆ, ಕೂತೇ ಮಾತಾಡಿದಳು.

"ಮೊದಲ ದಿನ ನಿಮ್ಮ ತಪ್ಪು ಅನ್ನಿ, ಒಪ್ಪಿದೆ. ಎರಡನೇ ದಿನ?"

ಅಕ್ಕನಿಗೆ ಅರ್ಥವಾಗಲಿಲ್ಲ.

"ಒಂದು ರಾತ್ರಿ, ಒಂದು ಹಗಲು ಮಧ್ಯೆ ಇತ್ತಲ್ಲ. ಬ್ಲೀಚಿಂಗ್ ಪುಡಿ ಹಾಕಿದ್ರೆ ಹೋಗ್ತಿರಲಿಲ್ವಾ? ನೀವು ಬಟ್ಟೆ ಕೆಲಸದೋರು."

"ಪುಡಿ ಕಲಸಿ ಇಟ್ಟಿದ್ದೆ," ಎಂದಳು ಅಕ್ಕ. "ಬಕೆಟ್ಟು ತುಂಬ. ಟೀಚರ್ ಬಂದು ಚರಂಡಿಗೆ ಚೆಲ್ಲಿಬಿಟ್ಟರು. ಹಾಗೇ ಇರಲಿ ಅಂದರು."

"ಯಾಕೆ ಅಂತ ಕೇಳಿದ್ರಾ?"

"ಎಲ್ಲಿ ಕೇಳೋದು. ಮಾಡಿದ್ದನ್ನ ನೀನೇ ನೋಡು, ಅನುಭವಿಸು ಅಂತ ಸಿಟ್ಟಲ್ಲಿ ಮಾಡಿದರು ಅಂದ್ಕೊಂಡೆ."

ಆ ಹೆಂಗಸು ತಲೆ ಅಲ್ಲಾಡಿಸಿದಳು. "ಸಿಟ್ಟು ಬಂದೋರು ಬಕೆಟ್ಟನ್ನ ನಿಮ್ಮ ಮೇಲೆ ಚೆಲ್ತಾರೆ, ಚರಂಡಿಗಲ್ಲ. ನಮ್ಮಮ್ಮ ಮೊದಲ ದಿನ ಎದ್ದು ಬಂದೋರು ಎರಡನೇ ದಿನ ಒಬ್ಬರೇ ಹೋಗಿದ್ರು. ಹಿಂದೆ ನಿಂತು ಪೂರ್ತಿ ನೋಡಿದ್ರಂತೆ. ಅವತ್ತಿನ ಕುಣಿತವೇ ಬೇರೆ ಇತ್ತು ಅನ್ನೋರು. ಮಾರನೇ ದಿನ ಗಿರಣಿಗೆ ಹೋಗಿ ಗಂಡನ ಕೆಲಸ ನನಗೆ ಕೊಡಿ ಅಂತ ಕೂತ್ರು. ಎಲ್ಲಾ ನಕ್ಕರು. ಹೆಂಗಸು ಗೇಟು ಕಾಯ್ತಾಳಾ ಅಂತ. ಹತ್ತೊಂಬತ್ತು ವರ್ಷ ಅದೇ ಗೇಟು ಕಾದರು. ಒಂದು ನಾಯಿ ಒಳಗೆ ಹೋಗಬೇಕಾದ್ರೂ ಹೆಸರು ಬರೆಸಬೇಕಿತ್ತು."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಎಲ್ಲರೂ. ಅಕ್ಕ ಮಾತ್ರ ನಿಂತೇ ಇದ್ದಳು, ನಾನು ಹೋಗಿ ಕುರ್ಚಿ ಕೊಟ್ಟೆ. ಕೂತವಳು ನನ್ನ ಕೈ ಬಿಡಲಿಲ್ಲ. ಬ್ಯಾಲೆ ನಡೆಯಲಿ ಎಂದು ಒಬ್ಬರಾದ ಮೇಲೊಬ್ಬರು ಹೇಳಿದರು. ಇಬ್ಬರು ಬೇಡ ಎಂದರು. ರಂಗಮಂದಿರದವರು ಅವರ ಹೆಸರನ್ನೂ ಬರೆದುಕೊಂಡರು.

ಸ್ವಲ್ಪ ಹೊತ್ತಿನ ಮೇಲೆ ಹೊಸ ಟೀಚರ್ ಬಂದು ಅಕ್ಕನ ಮುಂದೆ ಮಂಡಿಯೂರಿದಳು. "ಅಜ್ಜಿ, ನೀವು ನನಗೆ ಹೇಳಿಕೊಟ್ಟದ್ದು ಯಾವ ದಿನದ್ದು?"

ಅಕ್ಕ ಯೋಚಿಸಿದಳು. ಹೇಳಿಕೊಟ್ಟದ್ದು ತಾಲೀಮಿನದು. ಮೊದಲ ದಿನ ಹುಡುಗಿಯರು ತಮ್ಮ ಲಂಗ ನೋಡಿ ತಾವೇ ಬೆಚ್ಚಿದ್ದರು, ಕೈಗಳನ್ನು ಮೈಗೆ ಒತ್ತಿಕೊಂಡೇ ಕುಣಿದರು, ಕೆಂಪನ್ನು ಮುಚ್ಚುವ ಹಾಗೆ. ಎರಡನೆಯ ದಿನ ಟೀಚರ್ ಅವರನ್ನು ಬೆಳಿಗ್ಗೆಯೇ ಕರೆಸಿ ಬಾಗಿಲು ಹಾಕಿಕೊಂಡು ಏನೋ ಹೇಳಿದ್ದರು. ಅಂದು ಕೈಗಳು ಮೈಯಿಂದ ದೂರ ಬಂದವು. ಯಂತ್ರದ ಮುಂದೆ ಕಾಲು ಅಗಲಿಸಿ ನಿಂತರು. ಕಳ್ಳರ ಹಾಗಲ್ಲ, ಕೆಲಸಕ್ಕೆ ಬಂದವರ ಹಾಗೆ. ಇದನ್ನೆಲ್ಲ ಅಕ್ಕ ಕಂಡಿದ್ದಳು. ಕಂಡದ್ದನ್ನು ಅವಮಾನದ ಬುತ್ತಿಯೊಳಗೆ ಸೇರಿಸಿ ಕಟ್ಟಿಟ್ಟುಬಿಟ್ಟಿದ್ದಳು.

"ಎರಡನೇ ದಿನದ್ದು ಮಾಡು," ಎಂದಳು. "ಕೈ ಬದಲಾಯಿಸಬೇಕು. ನಾಳೆ ಬಾ, ಹೇಳ್ತೀನಿ."

ಬ್ಯಾಲೆ ಎರಡು ದಿನ ಎಂದು ಶುರುವಾದದ್ದು ಹದಿನಾರು ದಿನ ನಡೆಯಿತು. ಬಾಗಿಲಲ್ಲಿ ಕೊಡುವ ಕಾಗದದಲ್ಲಿ ಕುಣಿದವರ, ಬಾರಿಸಿದವರ ಹೆಸರುಗಳ ಕೆಳಗೆ ಅಕ್ಕ ಹೇಳಿ ಬರೆಸಿದ ಎರಡು ಸಾಲಿದ್ದವು: ಮೊದಲ ದಿನದ ಕೆಂಪು ಹೊಲಿಗೆ ಕೋಣೆಯ ತಪ್ಪು. ಎರಡನೆಯ ದಿನದ ಕೆಂಪು ಟೀಚರ ನಿರ್ಧಾರ. ಹೊಸ ಟೀಚರ್ ತಪ್ಪು ಎಂಬ ಮಾತನ್ನು ಸ್ವಲ್ಪ ಮೆದು ಮಾಡೋಣ ಎಂದು ನೋಡಿದಳು, ಅಕ್ಕ ಬಿಡಲಿಲ್ಲ.

ಈಗ ವಾರಕ್ಕೊಂದು ಪ್ರದರ್ಶನ, ಆ ಲಂಗಗಳನ್ನು ಒಗೆಯುವ ಕೆಲಸ ಅಕ್ಕನದೇ. ಬುಧವಾರ ಬುಧವಾರ ನನ್ನನ್ನೂ ಎಳೆದುಕೊಂಡು ಹೋಗುತ್ತಾಳೆ. ತಣ್ಣೀರು, ಒಂದು ಬಕೆಟ್ಟಿಗೆ ಒಂದೇ ಲಂಗ. ನಾನು ನೀರು ತುಂಬಿಕೊಡಬಹುದು, ಹಿಂಡುವ ಹಾಗಿಲ್ಲ. ಬೇರೆಯವರು ಬಕೆಟ್ಟಿನ ಹತ್ತಿರ ಬಂದರೂ ಸಾಕು, ಹೋಗಿ ಹೋಗಿ, ನಿಮಗೆ ಒಗೆಯೋಕೆ ಬರಲ್ಲ ಎಂದು ಓಡಿಸುತ್ತಾಳೆ.